ಹತ್ತೊಂಬತ್ತನೇ ನಂಬರಿನ ಉಸಿರು

ಗಿಟಾರ್ ಲೋಕವನ್ನು ಹದಿನೆಂಟು ವರ್ಷ ಎರಡು ಬಣಗಳಾಗಿ ಸೀಳಿಟ್ಟಿದ್ದ, ಒಡಹುಟ್ಟಿದವರ ನಡುವೆ ಮಾತು ಬಿಡಿಸಿದ್ದ, ಗೊತ್ತಾಗಿದ್ದ ಒಂದು ಮದುವೆಯನ್ನೂ ಮುರಿದಿತ್ತೆಂದು ಹೇಳಲಾಗುವ ಮಹಾಪ್ರಶ್ನೆಯೊಂದು ಕಳೆದ ವರ್ಷ ಕೊನೆಗೂ ಇತ್ಯರ್ಥವಾಯಿತು. ಪ್ರಶ್ನೆ ಇದು: ಹನ್ನೆರಡು ಮೂಲೆಯ ಸ್ಪೀಕರ್ ಡಬ್ಬಗಳಲ್ಲಿ, ದಪ್ಪ ತಂತಿಯನ್ನು ಮೀಟಿ ಕೈ ಎತ್ತಿದ ಮೇಲೆ, ಯಾವುದರ ಉಸಿರು ಹೆಚ್ಚು ಹೊತ್ತು ನಿಲ್ಲುತ್ತದೆ? ಹತ್ತೊಂಬತ್ತನೇ ನಂಬರಿನದೋ, ಇಪ್ಪತ್ತೆರಡನೇ ನಂಬರಿನದೋ?

ಲೋಕ ಎಂದರೆ ತೀರ ದೊಡ್ಡದೇನಲ್ಲ. ಸುಮಾರು ಅರವತ್ತು ಜನ. ಅವರಲ್ಲಿ ಗಿಟಾರ್ ನುಡಿಸಲು ಬರುವವರು ಹದಿನೈದು ಮಂದಿ ಇದ್ದಾರು. ಉಳಿದವರು ಡಬ್ಬದವರು.

ಡಬ್ಬದ ವಿಷಯ ಸ್ವಲ್ಪ ಹೇಳಬೇಕು. ವಿದ್ಯುತ್ ಗಿಟಾರಿಗೆ ತನ್ನದೆಂಬ ದನಿ ಹೆಚ್ಚಿಲ್ಲ. ಅದರ ಪರವಾಗಿ ಮಾತಾಡುವುದು ಸ್ಪೀಕರ್ ಕೂರಿಸಿದ ಪೆಟ್ಟಿಗೆ. ಹಲಗೆ ನೇರವಾಗಿ ಸಿಗುತ್ತದೆಂಬ ಕಾರಣಕ್ಕೆ ಲೋಕದಲ್ಲಿ ಎಲ್ಲರೂ ಅದನ್ನು ನಾಲ್ಕು ಮೂಲೆಗೆ ಮಾಡುತ್ತಾರೆ. ನಲವತ್ತು ವರ್ಷದ ಹಿಂದೆ ಒಬ್ಬ ಕಾರ್ಖಾನೆ ಯಜಮಾನ ಮಾತ್ರ ಹನ್ನೆರಡು ಮೂಲೆಗೆ ಮಾಡಿದ. ಧೂಳು ಸೇರುವ ಹಾಗೆ ನಾದವೂ ಮೂಲೆಗೆ ಸೇರಿ ಕೊಳೆಯುತ್ತದೆ ಎಂಬುದು ಅವನ ಸಿದ್ಧಾಂತ. ಹಾಗಿದ್ದರೆ ಮೂಲೆ ಕಮ್ಮಿ ಮಾಡಬೇಕಲ್ಲವೇ ಎಂದು ಕೇಳಿದವರಿಗೆ, “ಸಣ್ಣ ಮೂಲೇಲಿ ಸಣ್ಣ ಧೂಳು” ಎನ್ನುತ್ತಿದ್ದ. ಡಬ್ಬ ನೋಡಲು ಬಾವಿಕಟ್ಟೆಯ ಹಾಗೆ, ಸೊಂಟದೆತ್ತರ. ಎತ್ತಲು ನಾಲ್ಕು ಜನ ಬೇಕು, ಹಿಡಿಕೆ ಇಲ್ಲ. ಹಿಡಿಕೆ ಇಟ್ಟರೆ ಹದಿಮೂರನೇ ಮೂಲೆಯಾಗುತ್ತದೆಂದು ಇಟ್ಟಿರಲಿಲ್ಲ.

ಒಳಗೆ ಎರಡು ಕೋಣೆ. ಮುಂದಿನದರಲ್ಲಿ ಸ್ಪೀಕರು. ಹಿಂದಿನದನ್ನು ಹತ್ತಿಯಂಥದ್ದು ತುಂಬಿ, ಹಲಗೆ ಮುಚ್ಚಿ, ಬಿಸಿ ಸರೇಸು ಬಳಿದು ಶಾಶ್ವತವಾಗಿ ಅಂಟಿಸಿಬಿಟ್ಟಿದ್ದರು. ನಾದ ಹಿಂದಿನ ಕೋಣೆಗೆ ಹೋಗಿ, ಆ ಹತ್ತಿಯಲ್ಲಿ ದಾರಿ ತಪ್ಪಿ, ಕೊಂಚ ದಣಿದು ವಾಪಸು ಬರುತ್ತದೆ. ಹಾಗೆ ದಣಿದು ಬರುವುದಕ್ಕೆ ಡಬ್ಬದವರು ಇಟ್ಟ ಹೆಸರು ಉಸಿರು.

ಒಟ್ಟು ನಲವತ್ತೊಂದು ಡಬ್ಬ ತಯಾರಾದವು. ಆಮೇಲೆ ಕಾರ್ಖಾನೆ ಮುಚ್ಚಿತು. ಈಗ ಉಳಿದಿರುವುದು ಇಪ್ಪತ್ತೇಳು. ಕಾರ್ಖಾನೆಯಲ್ಲಿ ಹತ್ತಿ ತುಂಬಲು ಮೂರು ಟೇಬಲ್ಲು, ಟೇಬಲ್ಲಿಗೊಬ್ಬಳು ಹೆಂಗಸು. ಡಬ್ಬದ ತಳದಲ್ಲಿ ಟೇಬಲ್ಲಿನ ನಂಬರು ಸೀಸದಕಡ್ಡಿಯಲ್ಲಿ ಬರೆದಿರುತ್ತದೆ. ಮೂರನೇ ಟೇಬಲ್ಲಿನ ಡಬ್ಬ ಎಂದರೆ ಡಬ್ಬದವರು ದನಿ ತಗ್ಗಿಸಿ ಮಾತಾಡುತ್ತಾರೆ. ಹತ್ತೊಂಬತ್ತು, ಇಪ್ಪತ್ತೆರಡು ಎರಡೂ ಮೂರನೇ ಟೇಬಲ್ಲಿನವೇ.

ಆ ಮೂರನೇ ಟೇಬಲ್ಲಿನವಳು ಬದುಕಿದ್ದಾಳೆ, ಡಬ್ಬ ರಿಪೇರಿ ಮಾಡುವ ಗೋಂದಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ದಿಂಬಿಗೆ ಒರಗಿ ಕೂತಿದ್ದಾಳೆ ಎಂಬುದು ಅರವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪರದೆಯ ಆಚೆಯಿಂದ ಕೆಮ್ಮು ಕೇಳಿಸುತ್ತಿತ್ತು. ಯಾರು ಎಂದು ಕೇಳಿದ್ದರೆ ಗೋಂದಣ್ಣ ಹೇಳುತ್ತಿದ್ದ. ಯಾರೂ ಕೇಳಲಿಲ್ಲ, ಅವರ ಕಿವಿಯೆಲ್ಲ ಡಬ್ಬದ ಕಡೆಗಿತ್ತು.

ಅವಳು ಗೋಂದಣ್ಣನ ಅಕ್ಕ. ಹತ್ತು ವರ್ಷ ದೊಡ್ಡವಳು. ಗೋಂದಣ್ಣ ಎಂಬುದು ಅವನಿಗೆ ಗಿರಾಕಿಗಳು ಇಟ್ಟ ಹೆಸರು: ಅವನು ಅಂಟಿಸಿದ ಜಾಗವನ್ನು ಅವನೇ ಹುಡುಕಿದರೂ ಸಿಗುವುದಿಲ್ಲ ಎಂಬ ಖ್ಯಾತಿಗೆ. ಅಕ್ಕ ಅವನನ್ನು ಲೋ ಎನ್ನುತ್ತಿದ್ದಳು. ಅವನಿಗೆ ಐವತ್ತೊಂದಾದರೂ ಅದಕ್ಕೆ ಬಡ್ತಿ ಸಿಕ್ಕಿರಲಿಲ್ಲ.

ಹತ್ತಿಯ ಕಥೆಯನ್ನು ಅಕ್ಕ ಹೇಳುತ್ತಿದ್ದದ್ದು ಹೀಗೆ. ಮೊದಲ ಮೂರು ಡಬ್ಬಕ್ಕೆ ನಿಜವಾದ ಹತ್ತಿಯನ್ನೇ ತುಂಬಿದ್ದರು. ಡಬ್ಬದ ತಲೆಯಲ್ಲೇ ಕೂರಿಸಿದ್ದ, ದನಿ ಹೆಚ್ಚಿಸುವ ಗಾಜಿನ ವಾಲ್ವುಗಳು ಕೆಂಡದ ಹಾಗೆ ಕಾಯುತ್ತಿದ್ದವು. ಮೂರನೇ ನಂಬರು ವೇದಿಕೆಯ ಮೇಲೇ ಹೊತ್ತಿಕೊಂಡಿತು. ಗಿಟಾರಿನವನು ಅದನ್ನು ಕಾರ್ಯಕ್ರಮದ ಭಾಗವೆಂದು ತಿಳಿದು ಇನ್ನೂ ಜೋರಾಗಿ ನುಡಿಸಿದ. ಆಮೇಲೆ ಯಜಮಾನ ಬಾಯ್ಲರಿಗೆ ಸುತ್ತುವ ಬೂದುಬಣ್ಣದ ಉಣ್ಣೆಯನ್ನು ಮೂಟೆಗಟ್ಟಲೆ ತರಿಸಿದ. ಹೆಂಗಸರ ಮುಂದೆ ಕಡ್ಡಿ ಗೀರಿ ಅದಕ್ಕೆ ಹಿಡಿದು ತೋರಿಸಿದ. “ನೋಡ್ರಮ್ಮ, ಬೆಂಕಿಗೇ ಹೆದರಲ್ಲ ಇದು!” ಹೆಂಗಸರು ಚಪ್ಪಾಳೆ ತಟ್ಟಿದರಂತೆ. ಅದಕ್ಕೆ ಬೂದಿಹತ್ತಿ ಎಂದು ಹೆಸರಿಟ್ಟರು.

ಮೂಟೆಯಲ್ಲಿ ಅದು ಗಂಟುಗಂಟಾಗಿ ಬರುತ್ತಿತ್ತು. ಬೆರಳಲ್ಲಿ ಹಿಂಜಿ, ತುರುಬಿನ ಹಾಗೆ ಸುತ್ತಿ, ದಾರ ಕಟ್ಟಿ ಡಬ್ಬದೊಳಗೆ ಒತ್ತಬೇಕು. ಒಂದನೇ ಟೇಬಲ್ಲಿಗೆ ಬಿಳಿ ದಾರ, ಎರಡನೆಯದಕ್ಕೆ ಕೆಂಪು, ಅಕ್ಕನಿಗೆ ನೀಲಿ. ಹಿಂಜಿದ್ದು ಸಾಕೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇತ್ತು: ಅಂಗೈ ಮೇಲಿಟ್ಟು ಮೆಲ್ಲಗೆ ಊದುವುದು. ಎಳೆಗಳು ಅಲುಗಿದರೆ ಸರಿ, ಇಲ್ಲದಿದ್ದರೆ ಮತ್ತೆ ಹಿಂಜಬೇಕು. ಮಿಕ್ಕ ಇಬ್ಬರು ಒಂದು ಸಲ ಊದಿದರೆ ಅಕ್ಕ ಮೂರು ಸಲ ಊದುತ್ತಿದ್ದಳು. ಮೂರನೇ ಟೇಬಲ್ಲಿನ ಖ್ಯಾತಿಯ ಗುಟ್ಟು ಅಷ್ಟೇ. ಊದಿದ ಮೇಲೆ ಉಸಿರು ಎಳೆದುಕೊಳ್ಳಲೇಬೇಕಲ್ಲ. ಅದನ್ನೂ ಮೂರು ಸಲ ಎಳೆದುಕೊಳ್ಳುತ್ತಿದ್ದಳು. ಸಂಜೆ ಮನೆಗೆ ಬಂದಾಗ ಕೂದಲೆಲ್ಲ ಬಿಳಿ. ಆಗ ಚಿಕ್ಕವನಾಗಿದ್ದ ತಮ್ಮ ಬಾಗಿಲಲ್ಲಿ ನಿಂತು “ಮುದುಕಿ ಬಂದ್ಲು, ಮುದುಕಿ ಬಂದ್ಲು” ಎಂದು ಕುಣಿಯುತ್ತಿದ್ದ.

ನಾಲ್ಕು ವರ್ಷ ಆ ಕೆಲಸ. ಮೂವತ್ತೈದು ವರ್ಷ ಏನೂ ಆಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ ನಿಲ್ಲುವುದು ಶುರುವಾಯಿತು, ಆಮೇಲೆ ಮಾತಿನ ಮಧ್ಯೆ ನಿಲ್ಲುವುದು.

ಎದೆಯ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದರು. “ಏನು ಕೆಲಸ ಮಾಡ್ತಿದ್ರಮ್ಮ?”

“ಡಬ್ಬ ತುಂಬ್ತಿದ್ದೆ.”

“ಏನು ತುಂಬ್ತಿದ್ರಿ?”

“ಬೂದಿಹತ್ತಿ. ಬೆಂಕಿ ಹಿಡೀತಿರಲಿಲ್ಲ ಅದಕ್ಕೆ.”

ಡಾಕ್ಟರು ಹಾಳೆಯನ್ನು ಕೆಳಗಿಟ್ಟರು. “ಕಲ್ನಾರು, ಆಸ್ಬೆಸ್ಟಾಸ್,” ಎಂದರು. ಎದೆ ತುಂಬ ಅದರದೇ ಗಾಯ, ವಾಸಿಯಾಗುವುದಲ್ಲ, ಆದರೆ ಮನೆಯಲ್ಲಿ ಆಮ್ಲಜನಕದ ಮಿಷನ್ನು ಇದ್ದರೆ ಸುಲಭವಾಗಿ ದಿನ ಕಳೆಯಬಹುದು. ಮಿಷನ್ನನ್ನು ವೃತ್ತಿರೋಗ ಮಂಡಳಿಯವರು ಕೊಡುತ್ತಾರೆ. ಇದು ಕೆಲಸದಿಂದ ಬಂದ ರೋಗ ಎಂದು ಅವರು ಒಪ್ಪಬೇಕು, ಅಷ್ಟೇ.

ಮಂಡಳಿಯಿಂದ ಉತ್ತರ ಬಂತು. ಅರ್ಜಿದಾರರು ತುಂಬಿದ ವಸ್ತು ಕಲ್ನಾರು ಎಂಬುದಕ್ಕೆ, ಸದರಿ ಕಾರ್ಖಾನೆಯಲ್ಲಿ ತಯಾರಾದ ಸರಕಿನಿಂದಲೇ ತೆಗೆದ ಮಾದರಿಯನ್ನು, ಮೂಲದ ದೃಢೀಕರಣದೊಂದಿಗೆ ಸಲ್ಲಿಸತಕ್ಕದ್ದು. ಯಜಮಾನ ಸತ್ತಿದ್ದ. ಮಗ ಆ ಜಾಗದಲ್ಲಿ ಸೋಫಾ ಅಂಗಡಿ ಇಟ್ಟಿದ್ದ. ಕಾಗದಪತ್ರ ಏನೂ ಇಲ್ಲ, ತಂದೆಯವರು ಶುದ್ಧ ಕುರಿ ಉಣ್ಣೆ ಬಿಟ್ಟು ಬೇರೆ ಮುಟ್ಟಿದವರಲ್ಲ ಎಂದು ಬರೆದುಕೊಟ್ಟ.

“ಮಿಷನ್ ಹಾಳಾಗಿ ಹೋಗ್ಲಿ ಕಣೋ,” ಎಂದಳು ಅಕ್ಕ, ಒಂದೊಂದು ಮಾತಿಗೂ ನಿಂತು. “ನನಗೆ ಬರೆದು ಕೊಡ್ಲಿ. ಯಾತರಿಂದ ಸತ್ತೆ ಅಂತ. ಒಂದನೇ ಟೇಬಲ್ಲಿನವಳು ಸತ್ತಾಗ ಬೀಡಿ ಸೇದ್ತಿದ್ಲು ಅಂತ ಬರೆದ್ರು. ಅವಳು ಜನ್ಮದಲ್ಲಿ ಸೇದಿದ್ದು ಬೂದಿಹತ್ತಿ ಒಂದೇ. ಎರಡನೆಯವಳಿಗೆ ವಯಸ್ಸಾಗಿತ್ತು ಅಂತ ಬರೆದ್ರು. ಐವತ್ತನಾಲ್ಕಕ್ಕೆ ಯಾವ ವಯಸ್ಸೋ?”

“ಮಾತಾಡ್ಬೇಡ ಅಕ್ಕ. ಸುಧಾರಿಸ್ಕೋ.”

“ಸುಧಾರಿಸ್ಕೊಂಡು ಏನು ಹಾಡು ಹೇಳ್ಬೇಕಾ? ಕೇಳಿಲ್ಲಿ. ಆ ಡಬ್ಬಗಳೆಲ್ಲ ನಿನ್ನ ಕೈಮೇಲೇ ಹೋಗಿದಾವಲ್ಲ. ಯಾವುದಾದ್ರೂ ಒಂದರಿಂದ ಒಂದು ಹಿಡಿ ಕಿತ್ತುಕೊಡು. ಅಷ್ಟೇ ತಾನೇ ಅವರು ಕೇಳಿರೋದು?”

ಗೋಂದಣ್ಣ ಸರೇಸಿನ ಪಾತ್ರೆಯನ್ನು ಕಲಕುತ್ತಿದ್ದ. ಕಲಕುತ್ತಲೇ ಇದ್ದ. ಅದು ಆಗಲೇ ಕರಗಿ ಬಹಳ ಹೊತ್ತಾಗಿತ್ತು.

ಇಲ್ಲಿ ಗೋಂದಣ್ಣನ ಗುಟ್ಟು ಹೇಳಬೇಕು. ಬೂದಿಹತ್ತಿ ಕಾಲಕ್ರಮದಲ್ಲಿ ಕುಸಿದು ತಳಕ್ಕೆ ಕೂರುತ್ತದೆ. ಆಗ ಡಬ್ಬ ಒಡೆದ ಮಡಕೆಯ ಹಾಗೆ ಮಾತಾಡುತ್ತದೆ. ಡಬ್ಬದವರಿಗೆ ಎರಡು ಆಸೆ: ದನಿ ಮೊದಲಿನಂತಾಗಬೇಕು, ಹಿಂದಿನ ಹಲಗೆಯನ್ನು ಯಾರೂ ಮುಟ್ಟಿರಬಾರದು. ಎರಡೂ ಒಟ್ಟಿಗೆ ಆಗದ ಮಾತು. ಗೋಂದಣ್ಣ ಒಳ್ಳೆಯವನು, ಯಾರಿಗೂ ಇಲ್ಲ ಅನ್ನುವವನಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯಿಂದ ಅಂಟು ಮೆತ್ತಗೆ ಮಾಡಿ, ಹಲಗೆ ಎಬ್ಬಿಸಿ, ಬೂದಿಹತ್ತಿಯನ್ನೆಲ್ಲ ತೆಗೆದು, ದಿಂಬಿಗೆ ತುಂಬುವ ನೈಲಾನ್ ಹತ್ತಿಯನ್ನು ತುಂಬಿ, ಅದೇ ಜಾತಿಯ ಸರೇಸಿಗೆ ಹಳೆಯ ಧೂಳು ಬೆರೆಸಿ ಮುಚ್ಚಿಬಿಡುತ್ತಿದ್ದ. “ಬರೀ ಸ್ಪೀಕರಿನ ಕಾಗದ ಸರಿ ಮಾಡ್ದೆ ಸರ್,” ಎನ್ನುತ್ತಿದ್ದ. ಅವರು ಕಣ್ಣು ಮುಚ್ಚಿ ಕೇಳಿ, “ಮೂಲ ಹತ್ತಿಯ ಉಸಿರು ಅಂದ್ರೆ ಇದು” ಎಂದು ತಲೆದೂಗುತ್ತಿದ್ದರು. ಹದಿನೈದು ವರ್ಷದಲ್ಲಿ ಇಪ್ಪತ್ತಾರು ಡಬ್ಬ.

ಅದನ್ನು ಅಕ್ಕನಿಗೆ ಹೇಳಿದ. ಅಕ್ಕ ನಗಲು ಶುರುಮಾಡಿದಳು. ನಗು ಕೆಮ್ಮಾಗಿ, ಅದು ನಿಲ್ಲುವವರೆಗೆ ಅವನು ಬೆನ್ನು ಹಿಡಿದು ಕೂತ.

“ದಿಂಬಿನ ಹತ್ತಿನಾ?”

“ಹೂಂ.”

“ಗೊತ್ತಾಗ್ಲೇ ಇಲ್ವಾ ಅವರಿಗೆ?”

“ಇಲ್ಲ.”

“ನಾನು ಮೂರು ಮೂರು ಸಲ ಊದಿದ್ದು ದಂಡ ಹಾಗಾದ್ರೆ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ತೆಗೆದದ್ದನ್ನ ಏನು ಮಾಡ್ದೆ?”

“ಕಸದ ಗಾಡಿಗೆ ಹಾಕ್ದೆ.”

“ಹಾಕೋ ಮುಂಚೆ ಅಂಗೈ ಮೇಲಿಟ್ಟು ನೋಡಿದ್ಯಾ?”

ಗೋಂದಣ್ಣ ಸರೇಸಿನ ಪಾತ್ರೆಯ ಕಡೆಗೆ ಕೈ ಚಾಚಿದ.

“ಕೇಳ್ತಿದ್ದೀನಿ. ಊದಿ ನೋಡಿದ್ಯಾ?”

“ಇನ್ನೂ ಜೀವ ಇದ್ಯಾ ಅಂತ... ನೀನೇ ಹೇಳ್ಕೊಟ್ಟಿದ್ದಲ್ವಾ ಅಕ್ಕ.”

“ಎಷ್ಟು ಸಲ?”

“ಮೂರು.”

ಆಮೇಲೆ ಆ ದಿನ ಅವಳು ಏನೂ ಕೇಳಲಿಲ್ಲ. ಊಟವನ್ನೂ ಕೇಳಲಿಲ್ಲ.

ಅವನ ಕೈ ಸೋಕದೆ ಉಳಿದಿದ್ದದ್ದು ಒಂದೇ ಒಂದು: ಹತ್ತೊಂಬತ್ತನೇ ನಂಬರು. ಅದರ ಒಡೆಯರು ಕಿವಿರಾಯರು. ವೃತ್ತಿಯಿಂದ ಹಲ್ಲಿನ ಡಾಕ್ಟರು. ಊರಿನ ಬಾಯಿಯನ್ನೆಲ್ಲ ನೋಡಿದವರಾದರೂ ಹೆಸರು ಬಂದದ್ದು ಕಿವಿಯಿಂದ. ಡಬ್ಬದ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಗೋಂದಣ್ಣ ಅವರ ಮನೆಗೆ ಹೋಗಿ, ವಿಷಯವನ್ನು ಸುತ್ತಿ ಬಳಸಿ ಹೇಳಿ, ಹಲಗೆ ಎಬ್ಬಿಸಿ ಒಂದೇ ಒಂದು ಹಿಡಿ ತೆಗೆಯಲು ಬಿಡುತ್ತೀರಾ ಎಂದು ಕೇಳಿದ. ತೆಗೆಯುವಾಗ ಹುಷಾರಾಗಿರುತ್ತೇನೆ, ಧೂಳು ಏಳದಂತೆ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ ಎಂದೂ ಹೇಳಿದ.

ಕಿವಿರಾಯರಿಗೆ ನಿಜವಾಗಿಯೂ ನೋವಾಯಿತು. “ಅಯ್ಯೋ, ನಿಮ್ಮ ಅಕ್ಕನಾ ಮೂರನೇ ಟೇಬಲ್ಲು? ಎಂಥ ಕೈ ಗೋಂದಣ್ಣ ಅವರದು! ಒಂದು ದಿನ ಬಂದು ನೋಡ್ಬೇಕು. ಆದ್ರೆ ನೀವೇ ಯೋಚನೆ ಮಾಡಿ. ಯಾರೂ ತೆರೆಯದೆ ಉಳಿದಿರೋದು ಇದೊಂದೇ ಅಂತ ಅಲ್ಲ, ಇಪ್ಪತ್ತೇಳೂ ಹಾಗೇ ಇದಾವೆ, ದೇವರ ದಯೆ. ಇವತ್ತು ಒಂದನ್ನ ತೆರೆದ್ರೆ ನಾಳೆ ಇನ್ನೊಂದು. ಅವರ ಕೈಕೆಲಸಾನೇ ಹಾಳಾಗುತ್ತಲ್ಲ. ಅವರಿಗೇ ಬೇಜಾರಾಗಲ್ವಾ?”

ಬೇಜಾರಾಗುವುದಿಲ್ಲ ಎಂದು ಗೋಂದಣ್ಣ ಹೇಳಿದ. ಅದನ್ನು ಕಿವಿರಾಯರು ವಿನಯವೆಂದು ತಿಳಿದರು.

ಆರು ವಾರ ಕಳೆಯಿತು. ಅಕ್ಕ ಮಲಗಿ ನಿದ್ದೆ ಮಾಡುವುದನ್ನು ಬಿಟ್ಟು ಕೂತೇ ನಿದ್ದೆ ಮಾಡತೊಡಗಿದ್ದಳು. ಅಷ್ಟರಲ್ಲಿ ಕಿವಿರಾಯರ ಅತ್ತೆಯವರು ಊರುಗೋಲು ಊರುವ ಅಂದಾಜು ತಪ್ಪಿ ಹತ್ತೊಂಬತ್ತನೇ ನಂಬರಿನ ಮುಂಭಾಗದ ಬಟ್ಟೆಯೊಳಗೆ ಅದನ್ನು ತೂರಿಸಿಬಿಟ್ಟರು. ಸ್ಪೀಕರಿನ ಕಾಗದ ನಾಲ್ಕು ಬೆರಳಗಲ ಹರಿಯಿತು. ಮರುದಿನ ಬೆಳಿಗ್ಗೆ ಡಬ್ಬ ಮೂರು ಕಂಬಳಿ ಸುತ್ತಿಕೊಂಡು ಗೋಂದಣ್ಣನ ಅಂಗಡಿಗೆ ಬಂತು. ಹಿಂದೆ ಕಿವಿರಾಯರು.

“ಇಲ್ಲೇ ಕೂತಿರ್ತೀನಿ,” ಎಂದು ಸ್ಟೂಲು ಎಳೆದುಕೊಂಡರು. “ನಿಮ್ಮ ಮೇಲೆ ಅನುಮಾನ ಅಂತಲ್ಲ. ಮಗೂನ ಆಸ್ಪತ್ರೆಗೆ ಸೇರಿಸಿ ಯಾರಾದ್ರೂ ಮನೆಗೆ ಹೋಗ್ತಾರಾ?”

ಹನ್ನೊಂದು ಗಂಟೆಗೆ ಅವರ ದವಾಖಾನೆಯಿಂದ ಫೋನು ಬಂತು. ಅರ್ಧ ಕೊರೆದು ಬಿಟ್ಟುಬಂದಿದ್ದ ದವಡೆಹಲ್ಲಿನವರು ಎದ್ದು ಓಡಾಡುತ್ತಿದ್ದಾರೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಕಿವಿರಾಯರು ಡಬ್ಬವನ್ನೂ ಗೋಂದಣ್ಣನನ್ನೂ ನೋಡಿದರು. “ಎರಡು ಗಂಟೇಲಿ ಬಂದೆ. ಹಿಂದಕ್ಕೆ ತಿರುಗಿಸಬೇಡಿ.”

ಅವರ ಕಾರು ತಿರುವು ದಾಟಿತೋ ಇಲ್ಲವೋ, ಪರದೆ ಸರಿಯಿತು. ನಾಲ್ಕು ತಿಂಗಳಿಂದ ಅಂಗಡಿಗೆ ಕಾಲಿಡದಿದ್ದ ಅಕ್ಕ ಗೋಡೆ ಹಿಡಿದುಕೊಂಡು ಬಂದು ಕಿವಿರಾಯರ ಸ್ಟೂಲಿನ ಮೇಲೆ ಕೂತಳು.

“ಬಾಗಿಲು ಹಾಕು. ಮೂಗಿಗೆ ಒದ್ದೆ ಬಟ್ಟೆ ಕಟ್ಕೋ.”

“ನೀನೂ ಕಟ್ಕೋ.”

“ನನಗಿನ್ನೇನು ಹೊಸದಾಗಿ ಬರ್ಬೇಕಾಗಿರೋದು?”

ಇಸ್ತ್ರಿಪೆಟ್ಟಿಗೆ ಕಾಯಿತು. ಒದ್ದೆ ಬಟ್ಟೆ ಹೊಗೆಯಾಡಿತು. ನಲವತ್ತು ವರ್ಷದ ಸರೇಸು ಚರ್ಮ ಬೆಂದ ವಾಸನೆ ಬಿಡುತ್ತ ಸಡಿಲವಾಯಿತು. ಗೋಂದಣ್ಣ ಅಡುಗೆಮನೆಯ ಚಾಕುವಿಗಿಂತ ತೆಳ್ಳಗಿನ ಉಳಿಯನ್ನು ಮೂಲೆಯಿಂದ ಮೂಲೆಗೆ ಓಡಿಸಿದ. ಏಳನೇ ಮೂಲೆಯಲ್ಲಿ ಹಲಗೆ ನಿಟ್ಟುಸಿರಿನಂಥ ಸದ್ದು ಮಾಡಿ ಎದ್ದಿತು. ಅಲ್ಲಲ್ಲಿ ನೀರು ಚಿಮುಕಿಸಿ ಪೂರ್ತಿ ಎತ್ತಿದ.

ಒಳಗೆ ಬೂದುಬಣ್ಣದ ತುರುಬುಗಳು ಸಾಲುಸಾಲಾಗಿ ಕೂತಿದ್ದವು. ಉಳಿದ ಡಬ್ಬಗಳಲ್ಲಿ ಆದಂತೆ ಕುಸಿದಿರಲಿಲ್ಲ. ಪ್ರತಿಯೊಂದಕ್ಕೂ ನೀಲಿ ದಾರ.

ಅಕ್ಕ ಬಹಳ ಹೊತ್ತು ನೋಡಿದಳು. “ಎಷ್ಟು ಚೆನ್ನಾಗಿ ಕಟ್ಟಿದ್ದೀನಿ ನೋಡೋ,” ಎಂದಳು. “ಆಗ ಹತ್ತೊಂಬತ್ತು ವರ್ಷ ನನಗೆ. ಇಂಥ ಕೆಲಸ ಮಾಡ್ತೀನಿ ಅಂತ ಜಂಬ ಬೇರೆ.” ಕೈ ಹಾಕಿ ತಾನೇ ಒಂದನ್ನು ಬಿಡಿಸಿಕೊಂಡಳು. ಅವನು ಬೇಡ ಅನ್ನುವಷ್ಟರಲ್ಲಿ ಅದು ಅವಳ ಅಂಗೈ ಮೇಲಿತ್ತು. ಅಭ್ಯಾಸಬಲ, ತುಟಿ ಮುಂದೆ ಬಂತು. ಊದಲು ಎದೆಯಲ್ಲಿ ಗಾಳಿ ಇರಲಿಲ್ಲ.

ಗೋಂದಣ್ಣ ಅದನ್ನು ಗಾಜಿನ ಜಾಡಿಗೆ ಹಾಕಿ ಮುಚ್ಚಳ ತಿರುಗಿಸಿದ.

“ಕೇಳು,” ಎಂದಳು ಅಕ್ಕ, ವಾಪಸು ಹೋಗುವಾಗ ಪರದೆ ಹಿಡಿದು ನಿಂತು. “ಮುಚ್ಚುವಾಗ ಒಂದು ಗೀರು ಬಿಡು. ತೆಗೆದಿದ್ದು ಗೊತ್ತಾಗ್ಬೇಕು. ಎಲ್ಲಿಂದ ತಂದ್ರಿ ಅಂತ ಮಂಡಳಿಯವರು ಕೇಳ್ತಾರೆ. ಮಾಮೂಲಿನ ಹಾಗೆ ಕೈಚಳಕ ತೋರಿಸ್ಬೇಡ.”

“ಗೊತ್ತು.”

“ಗೊತ್ತು ಅನ್ಬೇಡ. ಹೂಂ ಅನ್ನು.”

“ಹೂಂ.”

ಖಾಲಿಯಾದ ಒಂದು ತುರುಬಿನ ಜಾಗಕ್ಕೆ ಅವನು ದಿಂಬಿನ ಹತ್ತಿಯನ್ನು ಅದೇ ಗಾತ್ರಕ್ಕೆ ಸುತ್ತಿ ಇಟ್ಟ. ಯಾರೂ ನೋಡದ ಜಾಗವಾದರೂ ಅದಕ್ಕೊಂದು ನೀಲಿ ದಾರ ಕಟ್ಟಿದ. ಹಲಗೆ ಕೂರಿಸಿ, ಅಂಟು ಬಳಿದು, ಏಳನೇ ಮೂಲೆಯಲ್ಲಿ ಉಗುರಿನ ಅಂಚಿನಷ್ಟು ಸಂದು ಬಿಟ್ಟ. ಯಾವ ಕುರುಡನಿಗಾದರೂ ಕಾಣುವಂಥ ಸಂದು. ಕೈ ತೊಳೆದ. ಸ್ಪೀಕರಿನ ಕಾಗದಕ್ಕೆ ತೇಪೆ ಹಚ್ಚಿದ. ಇನ್ನೂ ಮುಕ್ಕಾಲು ಗಂಟೆ ಇತ್ತು.

ಒಂದೂವರೆಗೆ ಕಿವಿರಾಯರು ಬಂದು ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೇಪೆಯನ್ನು ನೋಡಿ, “ನಿಮ್ಮ ಕೈಗೆ ಬೆಲೆ ಕಟ್ಟೋಕಾಗಲ್ಲ” ಎಂದು ಕಂಬಳಿ ಹೊದಿಸಿಕೊಂಡು ಹೋದರು.

ಪ್ರಯೋಗಾಲಯದವರು ಜಾಡಿಯಲ್ಲಿರುವುದು ಕಲ್ನಾರೇ ಎಂದು ಬರೆದುಕೊಟ್ಟರು. ಅದರಲ್ಲಿ ತಕರಾರಿರಲಿಲ್ಲ. ಉಳಿದದ್ದು ಮೂಲದ ದೃಢೀಕರಣ. ಮಂಡಳಿ ವಿಚಾರಣೆಗೆ ದಿನ ಗೊತ್ತುಮಾಡಿ ಗೋಂದಣ್ಣನನ್ನೂ ಅಕ್ಕನನ್ನೂ ಡಬ್ಬ ಸಮೇತ ಕಿವಿರಾಯರನ್ನೂ ಕರೆಸಿತು.

ಮಂಡಳಿಯ ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಡಬ್ಬವನ್ನು ನಾಲ್ಕು ಜನ ಹೊತ್ತು, ತಿರುವಿನಲ್ಲಿ ಎರಡು ಸಲ ಇಳಿಸಿ, ಮೇಲೆ ತಂದರು. ಅರ್ಜಿದಾರರನ್ನು ಹೊರಲು ಯಾರಿಗೂ ಆದೇಶವಿರಲಿಲ್ಲ. ಅಕ್ಕ ಕೆಳಗೆ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದ ಬೆಂಚಿನ ಮೇಲೆ ಕೂತಳು.

ಅಧ್ಯಕ್ಷೆ ಮೇಡಂ ತಾಳ್ಮೆಯ ಹೆಂಗಸು. ಪಕ್ಕದಲ್ಲಿ ಒಬ್ಬ ಎಂಜಿನಿಯರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಡಬ್ಬ ಮೇಜಿನ ಮುಂದೆ ಆರೋಪಿಯ ಹಾಗೆ ನಿಂತಿತ್ತು.

“ಈ ಜಾಡೀಲಿರೋದು ಈ ಡಬ್ಬದಿಂದ ತೆಗೆದಿದ್ದಾ?”

“ಹೌದು ಮೇಡಂ.”

“ತೆಗೆದವರು ಯಾರು?”

“ನಾನೇ. ರಿಪೇರಿಗೆ ಬಂದಿದ್ದಾಗ. ಹಿಂದಿನ ಹಲಗೆ ಎಬ್ಬಿಸಿ.”

ಕಿವಿರಾಯರು ಎದ್ದು ನಿಂತರು. ಮುಖದ ಬಣ್ಣ ಹೋಗಿತ್ತು. “ಎಬ್ಬಿಸಿದ್ರಾ?”

“ಎಬ್ಬಿಸಿದೆ ಸರ್. ತಪ್ಪಾಯ್ತು.”

“ಎಲ್ಲಿ, ತೋರಿಸಿ,” ಎಂದರು ಮೇಡಂ.

ಗೋಂದಣ್ಣ ಡಬ್ಬದ ಹಿಂದೆ ಮೊಣಕಾಲೂರಿದ. ಏಳನೇ ಮೂಲೆಯ ಮೇಲೆ ಬೆರಳಾಡಿಸಿದ. ಎಂಟನೆಯದರ ಮೇಲೂ ಆಡಿಸಿದ. ಮತ್ತೆ ಏಳಕ್ಕೆ ಬಂದ. ಎಣಿಸಲು ಶುರುಮಾಡಿದ್ದು ಯಾವ ಕಡೆಯಿಂದ ಎಂಬುದೇ ಮರೆತಂತಾಗಿ ಮತ್ತೆ ಒಂದರಿಂದ ಎಣಿಸಿದ.

ಕಿವಿರಾಯರು ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಕೊಕ್ಕೆ ಕಡ್ಡಿಯನ್ನೂ ತೆಗೆದು, ಕನ್ನಡಕ ಬದಲಿಸಿ, ಅವನ ಪಕ್ಕದಲ್ಲೇ ಕೂತರು. ಹನ್ನೆರಡು ಮೂಲೆಯನ್ನೂ ಒಸಡು ಪರೀಕ್ಷಿಸುವ ಹಾಗೆ ಕಡ್ಡಿಯಿಂದ ತಡವಿ ನೋಡಿದರು. ಇಪ್ಪತ್ತು ನಿಮಿಷ ಹಿಡಿಯಿತು. ಏಳುವಾಗ ಅವರ ಮುಖಕ್ಕೆ ಬಣ್ಣ ಮರಳಿತ್ತು.

“ತೆಗೆದಿಲ್ಲ ಮೇಡಂ. ಇಪ್ಪತ್ತೆಂಟು ವರ್ಷದಿಂದ ಸಂದು ನೋಡೋದೇ ನನ್ನ ಕಸುಬು. ಇದು ಕಾರ್ಖಾನೇಲಿ ಅಂಟಿಸಿದ್ದು ಅಂಟಿಸಿದ ಹಾಗೇ ಇದೆ.”

ಎಂಜಿನಿಯರೂ ಬಂದು ನೋಡಿ ತಲೆಯಾಡಿಸಿದ. ಆಮೇಲೆ, “ಒಂದು ಸಲ ತೆರೆದೇ ನೋಡಿದ್ರೆ ಆಯ್ತಲ್ಲ?” ಎಂದ.

“ತೆರೆದಿಲ್ಲ ಅಂತ ತೋರಿಸೋಕೆ ತೆರೀಬೇಕಾ?” ಎಂದರು ಕಿವಿರಾಯರು. “ತೆರೆದ ಮೇಲೆ ಇದು ತೆರೆಯದ ಡಬ್ಬ ಆಗಿರುತ್ತಾ?”

ಇದಕ್ಕೆ ಮಂಡಳಿಯಲ್ಲಿ ಉತ್ತರವಿರಲಿಲ್ಲ. ಕಾರ್ಖಾನೆಗೆ ಸಂಬಂಧವೇ ಇಲ್ಲದ ಒಬ್ಬರ ಸ್ವಂತ ಸಾಮಾನನ್ನು ಒಡೆಸುವ ಅಧಿಕಾರವೂ ಇರಲಿಲ್ಲ. ಗುಮಾಸ್ತ ಎರಡನ್ನೂ ಬರೆದುಕೊಂಡ.

ಗೋಂದಣ್ಣ ನೆಲದ ಮೇಲೆ ಕೂತಲ್ಲಿಂದಲೇ ಉಳಿದದ್ದನ್ನೆಲ್ಲ ಹೇಳಿದ. ಇಪ್ಪತ್ತಾರು ಡಬ್ಬ, ದಿಂಬಿನ ಹತ್ತಿ, ಕಸದ ಗಾಡಿ. ತಾನು ತೆಗೆದರೆ ಗೊತ್ತಾಗುವುದಿಲ್ಲ, ಅದೇ ತನ್ನ ಕೆಲಸ ಎಂದ. ನಂಬರು ನಂಬರಿಗೆ ಯಾವ ವರ್ಷ ಎಂದೂ ಹೇಳಿದ.

“ಅಂದ್ರೆ ಹದಿನೈದು ವರ್ಷ ನಿಮ್ಮ ಗಿರಾಕಿಗಳಿಗೆ ಸುಳ್ಳು ಹೇಳಿದ್ರಿ,” ಎಂದರು ಮೇಡಂ.

“ಹೌದು.”

“ಈಗ ನಿಜ ಹೇಳ್ತಿದೀರಿ.”

“ಹೌದು ಮೇಡಂ.”

“ನಮಗೆ ಹೇಗೆ ಗೊತ್ತಾಗ್ಬೇಕು, ನೀವೇ ಹೇಳಿ?”

ಆಗ ಅವನ ರಕ್ಷಣೆಗೆ ಬಂದವರು ಕಿವಿರಾಯರು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. “ಇವರು ಅಂಥವರಲ್ಲ ಮೇಡಂ. ಒಬ್ಬ ಗಿರಾಕಿಗೂ ಮೋಸ ಮಾಡಿದವರಲ್ಲ. ಆ ಇಪ್ಪತ್ತಾರು ಡಬ್ಬಾನೂ ನಾನು ಕೇಳಿದೀನಿ. ಎಲ್ಲಾ ಮೂಲ ಹತ್ತೀದೇ ಉಸಿರು. ದಿಂಬಿನ ಹತ್ತಿ ಆಗಿದ್ರೆ ನನ್ನ ಕಿವಿಗೆ ಗೊತ್ತಾಗ್ತಿರಲಿಲ್ವಾ? ಅಕ್ಕನ ಮೇಲಿನ ಪ್ರೀತಿಗೆ ಹೀಗೆಲ್ಲ ಹೇಳ್ತಿದಾರೆ. ಇದನ್ನ ಅಪರಾಧ ಅಂತ ಬರ್ಕೋಬೇಡಿ.”

ಮೇಡಂ ಬರೆಸಿಕೊಳ್ಳಲಿಲ್ಲ. ಆ ಮಟ್ಟಿಗೆ ಎಲ್ಲರೂ ಅಂದು ಸಜ್ಜನರೇ. ಜಾಡಿಯಲ್ಲಿರುವುದು ಬಾಯ್ಲರ್ ಇರುವ ಯಾವ ಹಳೆಯ ಕಟ್ಟಡದಲ್ಲಾದರೂ ಸಿಗುವಂಥದ್ದು, ನೀಲಿ ದಾರ ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು, ಆದ್ದರಿಂದ ಮೂಲ ದೃಢಪಟ್ಟಿಲ್ಲ ಎಂದು ಗುಮಾಸ್ತ ಮೂರು ಸಾಲಿನಲ್ಲಿ ಮುಗಿಸಿದ.

ಕೆಳಗೆ ಅಕ್ಕ ಬೆಂಚಿನ ತುದಿಯಲ್ಲಿ, ಮಂಡಿಯ ಮೇಲೆ ಕೈಯೂರಿ, ಬಾಗಿ ಕೂತಿದ್ದಳು. ತಮ್ಮ ಮೆಟ್ಟಿಲಿಳಿದು ಬರುವ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಆದರೂ ಕೇಳಿದಳು.

“ಗೀರು ನೋಡಿದ್ರಾ?”

“ಇಲ್ಲ.”

“ಯಾಕೆ, ಕಣ್ಣಿರಲಿಲ್ವಾ ಅವರಿಗೆ?”

ಅವನು ಪಕ್ಕದಲ್ಲಿ ಕೂತ. ಸೈಕಲ್ಲುಗಳನ್ನು ನೋಡಿದ.

“ಲೋ. ಒಂದು ಗೀರು ಬಿಡೋಕೆ ಆಗ್ಲಿಲ್ವಾ ನಿನಗೆ?”

“ಬಿಟ್ಟಿದ್ದೆ ಅಕ್ಕ,” ಎಂದ. “ಬಿಟ್ಟು ಕೈ ತೊಳ್ಕೊಂಡು ಬಂದೆ. ಆಮೇಲೆ ಅದನ್ನ ನೋಡ್ತಾ ಇರೋಕೆ ಆಗ್ಲಿಲ್ಲ, ಮುಚ್ಚಿಬಿಟ್ಟೆ.”

ಅಕ್ಕ ಅವನ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಉಗುರಿನ ಸಂದಿಯಲ್ಲಿ ಸರೇಸು ಇತ್ತು. “ಸುಡ್ಲಿ ಈ ಕೈ,” ಎಂದಳು. ಆದರೆ ಬಿಡಲಿಲ್ಲ. ಬೈಯಲು ಇನ್ನೂ ಇತ್ತು, ಗಾಳಿ ಸಾಲಲಿಲ್ಲ. ಆಟೋ ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ಮೇಲಿನಿಂದ ನಾಲ್ಕು ಜನ ಡಬ್ಬವನ್ನು ಇಳಿಸುತ್ತ, “ಮೆಲ್ಲಗೆ, ಮೆಲ್ಲಗೆ” ಎನ್ನುವುದು ಕೇಳಿಸುತ್ತಿತ್ತು.

ಇದಾದ ಮೇಲೆ ಅಕ್ಕ ಹನ್ನೊಂದು ವಾರ ಇದ್ದಳು. ಮಿಷನ್ನು ಬರಲಿಲ್ಲ. ಕಿಟಕಿಯ ಪಕ್ಕಕ್ಕೆ ಮಂಚ ಸರಿಸಿದರು. ಆಮೇಲೆ ಕಿಟಕಿಯ ಬಾಗಿಲನ್ನೇ ಕಳಚಿಟ್ಟರು. ಕಿವಿರಾಯರು ಒಮ್ಮೆ ಹೂಗುಚ್ಛ ಹಿಡಿದು ಬಂದು, ಮೂರನೇ ಟೇಬಲ್ಲಿಗೆ ಕೈಮುಗಿದು, ಡಬ್ಬದ ತಳದ ಹಲಗೆಯ ಮೇಲೆ ಸಹಿ ಹಾಕಿಕೊಡುವಿರಾ ಎಂದು ಕೇಳಿದರು. ಅಕ್ಕ ಕಣ್ಣು ತೆರೆಯಲಿಲ್ಲ. ನಿದ್ದೆ ಬಂದಿದೆ ಎಂದು ಗೋಂದಣ್ಣ ಹೇಳಿದ.

ಗಿರಾಕಿಗಳು ಅವನನ್ನು ಬಿಡಲಿಲ್ಲ. ವಿಚಾರಣೆಯಲ್ಲಿ ಅವನು ಹೇಳಿದ್ದು ಅರವತ್ತು ಜನಕ್ಕೂ ತಲುಪಿತ್ತು, ಒಬ್ಬರೂ ನಂಬಿರಲಿಲ್ಲ. ಒಂದಿಬ್ಬರು ಹೆಗಲು ತಟ್ಟಿ, ಅಕ್ಕ ಅಂದರೆ ಹಾಗಿರಬೇಕು ಎಂದರು. ಇಪ್ಪತ್ತೆರಡನೇ ನಂಬರಿನವರಂತೂ ಅದೇ ತಿಂಗಳು ಡಬ್ಬ ತಂದು, ಸ್ವಲ್ಪ ದನಿ ಕಟ್ಟಿದೆ, ಹಿಂದಿನ ಹಲಗೆ ಮಾತ್ರ ಮುಟ್ಟಬೇಡಿ ಎಂದರು. ಅವನು ಮುಟ್ಟಲಿಲ್ಲ. ಆಗಾಗ ಕೆಲಸ ನಿಲ್ಲಿಸಿ ಕೆಮ್ಮಿಕೊಳ್ಳುತ್ತಿದ್ದ.

ವರ್ಷದ ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಕಿವಿರಾಯರ ಮನೆಯ ಹಜಾರದಲ್ಲಿ ಎರಡು ಡಬ್ಬಗಳನ್ನೂ ಅಕ್ಕಪಕ್ಕ ಇಟ್ಟು, ಪರದೆ ಮುಚ್ಚಿ, ಕೈಗಡಿಯಾರ ಹಿಡಿದು ಪರೀಕ್ಷೆ ನಡೆಸಿದರು. ಹತ್ತೊಂಬತ್ತನೇ ನಂಬರಿನ ಉಸಿರು ಇಪ್ಪತ್ತೆರಡನೆಯದಕ್ಕಿಂತ ಒಂದೂಕಾಲು ಸೆಕೆಂಡು ಹೆಚ್ಚು ನಿಂತಿತು. ಅದನ್ನು ಇದುವರೆಗೆ ಯಾರೂ ತೆರೆಯದಿರುವುದೇ ಕಾರಣವೆಂದು ಸರ್ವಾನುಮತದಿಂದ ಬರೆದು ಸಹಿ ಹಾಕಿದರು.

ಅಕ್ಕ ತೀರಿಕೊಂಡದ್ದಕ್ಕೆ ಕೊಟ್ಟ ಪತ್ರದಲ್ಲಿ, ಕಾರಣ ಎಂಬ ಜಾಗದಲ್ಲಿ, ವಯೋಸಹಜ ಎಂದು ಬರೆದಿದೆ. ಅವಳಿಗೆ ಅರವತ್ತೊಂದು.